ಗಂಡಸಿನ ಬಾಯಿಗೆ ಬೀಗವೇಕೆ?



ಬೀಜ, ಗೊಬ್ಬರ, ಪೇಟೆಯ ಧಾರಣೆ ಇವುಗಳ ವಿಚಾರ ಓದಲೆಂದು ಈ ಪುಟವನ್ನು ತೆರೆಯುವ ತಮಗೆ ಇಂದು ನಾನು ಬರೆಯಹೊರಟ ವಿಷಯ ವಿಚಿತ್ರವಾಗಿ ತೋರಬಹುದು. ಗಂಡಸಿನ ದುಃಖದ ಮಾತು ಒಕ್ಕಲುತನದ ಪುಟದಲ್ಲೇಕೆ ಎಂದು ಕೇಳುವವರು ಕೇಳಲಿ. ನಾನು ಹೊಟ್ಟೆಪಾಡಿಗೆ ಕನ್ನಡ ಸಾಲೆಯ ಮಾಸ್ತರ; ಹುಟ್ಟಿನಿಂದ ಒಕ್ಕಲುತನದವನು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ನನ್ನ ಊರು. ನಾಲ್ಕೆಕರೆ ಜೋಳ, ತೊಗರಿಯ ಹೊಲ; ಅದರ ಜೊತೆಗೆ ಎರಡೆಕರೆ ದಾಳಿಂಬೆಯ ತೋಟ ಇತ್ತು. ‘ಇತ್ತು’ ಎಂದು ಏಕೆ ಬರೆದೆನೆಂಬುದು ಮುಂದೆ ತಿಳಿಯುವುದು.

ತೋಟದಿಂದಲೇ ಆರಂಭಿಸುತ್ತೇನೆ. ದಾಳಿಂಬೆ ಮಾಡುವವರಿಗೆ ‘ತಾಣ’ ಎಂಬ ಮಾತು ಗೊತ್ತು. ಮರಾಠಿಯಿಂದ ನಮ್ಮ ಬಾಯಿಗೆ ಬಂದ ಶಬ್ದ. ಕಾಸರಗೋಡು, ತಾಳವಾಡಿಗಳ ಕಡೆಯ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ದಾಳಿಂಬೆ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತಲೇ ಇರುತ್ತದೆ. ಹಣ್ಣು ಒಮ್ಮೆಲೇ ಪೇಟೆಗೆ ಬರಬೇಕಾದರೆ ಬಹಾರ ಹಿಡಿಯಬೇಕು. ಅದಕ್ಕಾಗಿ ಗಿಡಕ್ಕೆ ನೀರು ನಿಲ್ಲಿಸುತ್ತೇವೆ. ಹಗುರ ಭೂಮಿಯಾದರೆ ತಿಂಗಳೊಳಗೆ, ಭಾರೀ ಕರಿಭೂಮಿಯಾದರೆ ಒಂದೂವರೆ ತಿಂಗಳವರೆಗೆ. ಎಲೆ ಹಳದಿಯಾಗಿ ಉದುರುತ್ತದೆ, ಗಿಡ ಸತ್ತಂತೆ ಕಾಣುತ್ತದೆ. ಆಮೇಲೆ ಟೊಂಗೆ ಕತ್ತರಿಸಿ, ಗೊಬ್ಬರ ಕೊಟ್ಟು, ಮೊದಲು ಹಗುರಾಗಿ ನೀರು ಬಿಟ್ಟರೆ ಚಿಗುರೂ ಹೂವೂ ಕೂಡಿಯೇ ಬರುತ್ತವೆ. ನೀರು ನಿಲ್ಲಿಸುವ ಈ ಕೆಲಸಕ್ಕೆ ತಾಣ ಕೊಡುವುದು ಎನ್ನುತ್ತಾರೆ. ಆದರೆ ಅದಕ್ಕೆ ದಿನದ ಲೆಕ್ಕವಿದೆ. ಲೆಕ್ಕ ತಪ್ಪಿ ಎಳೆದರೆ ಹೂವಿನ ಮಾತು ಹಾಗಿರಲಿ, ಟೊಂಗೆಯೇ ಒಣಗುತ್ತದೆ.

ಇದೇ ‘ತಾಣ’ ಎಂಬ ಶಬ್ದವನ್ನು ನಮ್ಮ ಕಡೆಯ ಡಾಕ್ಟರರು ಮನುಷ್ಯನ ಮನಸ್ಸಿನ ಬಿಗಿತಕ್ಕೂ ಬಳಸುತ್ತಾರೆ. ಗಿಡದ ತಾಣಕ್ಕೆ ದಿನ ಎಣಿಸುವ ನಾವು ನಮ್ಮ ತಾಣಕ್ಕೆ ದಿನ ಎಣಿಸಿದ್ದುಂಟೇ? ನಾನಂತೂ ಎಣಿಸಿರಲಿಲ್ಲ.

2019ನೆಯ ಇಸವಿಯಲ್ಲಿ ನಾನು ಮೃಗ ಬಹಾರ ಹಿಡಿದಿದ್ದೆ. ಕಾಯಿ ಚೆನ್ನಾಗಿ ಕೂತಿತ್ತು. ಅಕ್ಟೋಬರದಲ್ಲಿ ಮಳೆ ಹಿಡಿಯಿತು. ಯಾವ ಮಳೆಗಾಗಿ ನಮ್ಮ ತಾಲೂಕು ವರ್ಷಗಟ್ಟಲೆ ಬಾಯಿ ಬಿಟ್ಟು ಕೂಡುತ್ತದೋ ಆ ಮಳೆಯೇ ಬೇಡದ ಹೊತ್ತಿನಲ್ಲಿ ಬಂದು ಬಿಡದೆ ಸುರಿಯಿತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಕಲೆ, ಆಮೇಲೆ ಕಾಯಿಯ ಮೇಲೆ ಕಲೆ, ಆಮೇಲೆ ಕಾಯಿ ಬಿರಿಯಿತು. ತೇಲ್ಯಾ ಎಂದು ಎಲ್ಲರೂ ಹೆದರುವ ದುಂಡಾಣು ರೋಗ ಅದು. ಮಳೆಹನಿಯಿಂದ ಗಿಡದಿಂದ ಗಿಡಕ್ಕೆ ಸಿಡಿಯುತ್ತದೆ. ಕತ್ತರಿಯ ಬಾಯಿಂದಲೂ ಹಬ್ಬುತ್ತದೆ. ಬೋರ್ಡೋ ದ್ರಾವಣ ಹೊಡೆದೆ, ಅಂಗಡಿಯವನು ಹೇಳಿದ್ದನ್ನೆಲ್ಲ ಹೊಡೆದೆ. ದೀಪಾವಳಿ ಮುಗಿಯುವ ಹೊತ್ತಿಗೆ ಕಾಯಿಯನ್ನು ಬುಟ್ಟಿಗಟ್ಟಲೆ ಹರಿದು ತೆಗ್ಗಿಗೆ ಹಾಕಿ ಮುಚ್ಚಿದೆ.

ಸಾಲ ಐದೂವರೆ ಲಕ್ಷ. ಸೊಸೈಟಿಯದು ಎರಡು, ಉಳಿದದ್ದು ಕೈಗಡ ಮತ್ತು ಬಡ್ಡಿಯದು. ನನ್ನ ಮನೆಯವಳಿಗೆ ಗೊತ್ತಿದ್ದದ್ದು ಸೊಸೈಟಿಯ ಎರಡು ಲಕ್ಷ ಮಾತ್ರ. ಉಳಿದದ್ದನ್ನು ನಾನು ಹೇಳಿರಲಿಲ್ಲ. ಮೊದಲು ಬೆಳೆ ಬಂದಮೇಲೆ ತೀರಿಸಿ ಹೇಳಿದರಾಯಿತು ಎಂದು. ಬೆಳೆ ಹೋದಮೇಲೆ ಹೇಗೆ ಹೇಳಲಿ ಎಂದು. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಸಾಲೆಗೆ ಹೋಗುವುದು, ಸಂಜೆ ತೋಟಕ್ಕೆ ಹೋಗಿ ಖಾಲಿ ಗಿಡಗಳ ನಡುವೆ ನಿಲ್ಲುವುದು, ರಾತ್ರಿ ಮಾಳಿಗೆಯ ಮೇಲೆ ಕಣ್ಣು ತೆರೆದು ಮಲಗುವುದು. ಯಾರಾದರೂ ‘ಹೆಂಗೈತ್ರಿ ಮಾಸ್ತರ?’ ಎಂದರೆ ‘ನಡದೈತಿ’ ಎಂಬ ಒಂದೇ ಉತ್ತರ. ನಮ್ಮ ಭಾಗದ ಗಂಡಸು ದಿನಕ್ಕೆ ಹತ್ತು ಸಾರೆ ಆಡುವ ಸುಳ್ಳು ಯಾವುದೆಂದರೆ ಈ ‘ನಡದೈತಿ’ಯೇ.

ಇನ್ನು ನನ್ನ ತಪ್ಪಿನ ಮಾತು. ದೀಪಾವಳಿ ರಜೆ ಮುಗಿದು ಸಾಲೆ ಆರಂಭವಾಗಿತ್ತು. ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗ, ತಾಯಿತಂದೆ ಕಬ್ಬು ಕಡಿಯುವ ಟೋಳಿಯೊಡನೆ ಹೋಗಿದ್ದರು, ಅಜ್ಜಿಯ ಹತ್ತಿರ ಬಿಟ್ಟಿದ್ದರು. ಲೆಕ್ಕದ ಪಾಠದ ನಡುವೆ ಹುಡುಗ ಸುಮ್ಮನೆ ಅಳತೊಡಗಿದ. ನಾನು ಕೆರಳಿ, ‘ಗಂಡ ಹುಡುಗ ಆಗಿ ಹೆಣ್ಮಕ್ಕಳ ಗತೆ ಅಳ್ತಿಯೇನಲೇ?’ ಎಂದೆ. ವರ್ಗವೆಲ್ಲ ನಕ್ಕಿತು. ಹುಡುಗ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಎಂಟು ದಿನ ಅವನು ನನ್ನೊಡನೆಯೂ ಮಾತಾಡಲಿಲ್ಲ, ಯಾರೊಡನೆಯೂ ಆಡಲಿಲ್ಲ. ಡಿ.ಎಡ್. ಕಲಿಯುವಾಗ ಬಾಲಮನೋವಿಜ್ಞಾನವೆಂಬ ವಿಷಯ ನಮಗಿತ್ತು. ಮಗುವಿನ ಭಾವನೆಯನ್ನು ಹತ್ತಿಕ್ಕಿದರೆ ಆಗುವ ಪರಿಣಾಮಗಳೇನು ಎಂಬ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಆ ಉತ್ತರ ನನ್ನ ಕೈಯಲ್ಲಿತ್ತೇ ಹೊರತು ನನ್ನೊಳಗೆ ಇಳಿದಿರಲಿಲ್ಲ. ಅಂದು ನಾನು ಗದರಿಸಿದ್ದು ಆ ಹುಡುಗನನ್ನಲ್ಲ, ನನ್ನನ್ನೇ ಎಂದು ಈಗ ತೋರುತ್ತದೆ. ಆದರೆ ಪೆಟ್ಟು ಬಿದ್ದದ್ದು ಅವನಿಗೆ.

ನನ್ನ ಬೀಗ ತೆಗೆದವರು ಬದುವಿನ ನೆರೆಯ ಕಾಕಾ. ಎಪ್ಪತ್ತು ದಾಟಿದ ಜೀವ, ಅಕ್ಷರ ಬಾರದವರು. ತೆಗ್ಗಿಗೆ ಹಾಕಿದ ಕಾಯಿಯನ್ನು ಅವರು ನೋಡಿದ್ದರು. ಒಂದು ಸಂಜೆ ಬಂದು ಬದುವಿನ ಮೇಲೆ ಕೂತು ಎಲೆ ಅಡಿಕೆ ತೆಗೆದರು. ನನ್ನನ್ನು ಏನೂ ಕೇಳಲಿಲ್ಲ. ತಮ್ಮದೇ ಹೇಳಿದರು. ‘ತಮ್ಮಾ, 2003ರ ಬರದಾಗ ನಾ ಎತ್ತು ಕೊಟ್ಟೆ. ಕೊಟ್ಟು ಮನೀಗೆ ಬಂದು ಗ್ವಾದಲಿ ಮುಂದ ನಿಂತೆ. ಖಾಲಿ ಗ್ವಾದಲಿ. ಆವತ್ತಿನಿಂದ ಎರಡ ತಿಂಗಳ ನನಗ ಅನ್ನ ಸೇರಲಿಲ್ಲ. ನಿಮ್ಮ ಕಾಕೂಗೂ ಹೇಳಲಿಲ್ಲ. ಬಾವ್ಯಾಗ ಹಣಿಕಿ ಹಾಕಿ ನೋಡಿದ್ದೂ ಐತಿ.’ ಇಷ್ಟು ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, ‘ನಿಂದು ಎಷ್ಟೈತಿ?’ ಎಂದರು.

ನಾನು ಹೇಳಿದೆ. ಮೊತ್ತ ಹೇಳುವಾಗ ಗಂಟಲು ಕಟ್ಟಿತು. ನಲವತ್ತರ ಗಂಡಸು, ಮಾಸ್ತರ, ಬದುವಿನ ಮೇಲೆ ಕೂತು ಬಿಕ್ಕಿ ಅತ್ತೆ. ಇದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಕಾಕಾ ಸಮಾಧಾನ ಹೇಳಲಿಲ್ಲ. ‘ಆತು, ನಡಿ, ಮನೀಗೆ ಹೋಗಿ ಅಕೀಗೆ ಹೇಳು’ ಎಂದಷ್ಟೇ ಹೇಳಿದರು.

ಆಕೆಗೆ ಹೇಳಿದಾಗ ಆಕೆ ಅಳಲಿಲ್ಲ, ಸಿಟ್ಟಿಗೆದ್ದಳು. ಸಾಲಕ್ಕಲ್ಲ. ‘ಲೆಕ್ಕ ಗೊತ್ತಿಲ್ಲದ ಮನೀ ನಾ ಹೆಂಗ ನಡಸ್ಲಿರಿ? ನೀವು ರಾತ್ರಿ ಮಲಗಂಗಿಲ್ಲ ಅನ್ನೂದು ನನಗ ಗೊತ್ತೈತಿ. ಬ್ಯಾರೇ ಏನಾರ ಇರಬೇಕು ಅಂತ ತಿಳಕೊಂಡಿದ್ದೆ’ ಎಂದಳು. ನನ್ನ ಮೌನದಿಂದ ಅವಳನ್ನು ಕಾಪಾಡುತ್ತಿದ್ದೇನೆಂದು ನಾನು ಎಣಿಸಿದ್ದರೆ, ಆಕೆ ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಂಡು ಒಬ್ಬಳೇ ಸುಟ್ಟುಕೊಳ್ಳುತ್ತಿದ್ದಳು. ಆ ರಾತ್ರಿಯೇ ಹಳೆಯ ನೋಟುಬುಕ್ಕು ತೆಗೆದು ಇಬ್ಬರೂ ಕೂತೆವು. ಒಂದೆಕರೆ ತೋಟ ಕಿತ್ತು ಜೋಳ ಹಾಕುವುದು, ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು, ಸೊಸೈಟಿಯದನ್ನು ಕಂತಿಗೆ ಬಿಡುವುದು ಎಂದು ಗೊತ್ತು ಮಾಡಿದವಳು ಆಕೆಯೇ. ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಗಿರಿಗಿರಿ ತಿರುಗಿದ ಲೆಕ್ಕ ಕಾಗದದ ಮೇಲೆ ಒಂದು ತಾಸಿನಲ್ಲಿ ಮುಗಿಯಿತು. ಸಾಲ ಮುಗಿಯಲಿಲ್ಲ, ಅದು ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಆದರೆ ನಿದ್ರೆ ಬಂತು.

ಈ ಕಥೆಯನ್ನು ನಾನು ನಾಲ್ಕು ಜನರ ಮುಂದೆ ಹೇಳಿದಾಗ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ‘ನಮ್ಮ ಅಪ್ಪ, ಅಜ್ಜ 72ರ ಬರ ಉಂಡವರು. ಅವರೇನು ಅಳುತ್ತ ಕೂತರೇ? ಗಂಡಸು ಕಲ್ಲಾಗಿ ನಿಂತದ್ದರಿಂದಲೇ ಮನೆತನ ಉಳಿದವು. ಈಗಿನವರದು ಮೆತ್ತನೆ ಮನಸ್ಸು.’ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಅವರು ಗಟ್ಟಿಗರು ಹೌದು. ಆದರೆ ಅವರು ಬಾಯಿಗೆ ಬೀಗ ಹಾಕಿಕೊಂಡದ್ದರಿಂದ ಗಟ್ಟಿಗರಾದರೆಂಬುದು ಸುಳ್ಳು.

72ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ, ಹಿರಿಯರಿಂದ ಕೇಳಿದ್ದು. ಸರಕಾರ ತೆಗೆದ ಬರಗಾಲದ ಕಾಮಗಾರಿಯ ಮೇಲೆ ಊರಿಗೆ ಊರೇ ಕೂತು ಜಲ್ಲಿ ಒಡೆಯಿತು. ಗೌಡನ ಮನೆಯವರೂ ಬಂದರು, ಕೂಲಿಯವರೂ ಬಂದರು. ಒಬ್ಬನ ಹೊಲ ಒಣಗಿ ಇನ್ನೊಬ್ಬನದು ಹಸಿರಾಗಿದ್ದರೆ ನಾಚಿಕೆ. ಎಲ್ಲರದೂ ಒಣಗಿದರೆ ಅದಕ್ಕೆಲ್ಲಿಯ ನಾಚಿಕೆ? ಕಲ್ಲು ಒಡೆಯುತ್ತ ಒಬ್ಬನು ಇನ್ನೊಬ್ಬನಿಗೆ ಎಲ್ಲವನ್ನೂ ಹೇಳಿದ. ಇಂದಿನ ನಷ್ಟ ಹಾಗಲ್ಲ. ತೇಲ್ಯಾ ನನ್ನ ತೋಟಕ್ಕೆ ಬರುತ್ತದೆ, ನೆರೆಯವನ ತೋಟ ಉಳಿಯುತ್ತದೆ. ನನ್ನ ಬೋರು ಬತ್ತುತ್ತದೆ, ಅವನ ಬೋರಿನಲ್ಲಿ ನೀರಿರುತ್ತದೆ. ಸಾಲದ ಕಾಗದದ ಮೇಲೆ ನನ್ನೊಬ್ಬನ ಸಹಿ. ಆದುದರಿಂದ ದುಃಖವೂ ನನ್ನೊಬ್ಬನದೇ ಆಗಿ, ತಪ್ಪೂ ನನ್ನೊಬ್ಬನದೇ ಎಂದು ತೋರುತ್ತದೆ.

ಇನ್ನೊಂದು ಮಾತು. ನನ್ನ ತಂದೆ ಕಡಿಮೆ ಮಾತಿನ ಮನುಷ್ಯ. ಅವರ ತಮ್ಮ, ನನ್ನ ಚಿಕ್ಕಪ್ಪ, ಹರೆಯದಲ್ಲಿಯೇ ಹಾವು ಕಡಿದು ಸತ್ತ. ತಂದೆ ಅವನ ಹೆಸರನ್ನು ಮನೆಯಲ್ಲಿ ಎಂದೂ ಎತ್ತಲಿಲ್ಲ. ಆದರೆ ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಜೋಳದ ರಾಶಿಯನ್ನು ಇನ್ನೂ ಎತ್ತಿನಿಂದ ತುಳಿಸುತ್ತಿದ್ದರು. ಕಣದ ನಡುವೆ ಮೇಟಿ, ತೆನೆಯ ಮೇಲೆ ಸುತ್ತುವ ಎತ್ತುಗಳು, ಬೆಳತನಕ ಹಂತಿಯ ಹಾಡು. ಅಣ್ಣತಮ್ಮಂದಿರ ಕಥೆಯ ಹಾಡು ಬಂದಾಗ ತಂದೆಯ ದನಿ ಒಡೆಯುತ್ತಿತ್ತು. ಕತ್ತಲಲ್ಲಿ ಮುಖ ಕಾಣದು. ಹಿಂದೆ ಸೊಲ್ಲು ಹಿಡಿಯುವವರು ಕೂಡಲೆ ದನಿ ಏರಿಸಿ ಹಾಡುತ್ತಿದ್ದರು. ಅವರ ದನಿಯ ಮರೆಯಲ್ಲಿ ತಂದೆ ಅತ್ತು ಮುಗಿಸಿ ಮತ್ತೆ ಹಾಡಿಗೆ ಕೂಡುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಬೀಸುವ ಕಲ್ಲು ಹೇಗೋ ಗಂಡಸರಿಗೆ ಕಣ ಹಾಗೆ. ಮೊಹರಮ್ಮಿನ ರಿವಾಯತ ಪದ ಹಾಡುತ್ತ ಎದೆ ಬಡಿದುಕೊಂಡು ಅಳುವ ಹಿಂದೂ ಮುಸಲ್ಮಾನ ಗಂಡಸರನ್ನು ನಮ್ಮ ಭಾಗದಲ್ಲಿ ಯಾರು ನೋಡಿಲ್ಲ? ಅಲ್ಲಿ ಅತ್ತವನನ್ನು ಯಾರೂ ಹೆಂಗಸೆನ್ನಲಿಲ್ಲ.

ಬೀಸುವ ಕಲ್ಲು ಗಿರಣಿಗೆ ಹೋಯಿತು, ಕಣ ರಾಶಿಯಂತ್ರಕ್ಕೆ ಹೋಯಿತು. ಎಂಟು ದಿನದ ರಾಶಿ ಎರಡು ತಾಸಿನಲ್ಲಿ ಮುಗಿಯುವುದು ಒಳ್ಳೆಯದೇ. ಮತ್ತೆ ಎತ್ತು ಕಟ್ಟಿರಿ ಎಂದು ಹೇಳುವಷ್ಟು ನಾನು ಮೂರ್ಖನಲ್ಲ. ಆದರೆ ಹೋದದ್ದು ಎತ್ತಿನ ತುಳಿತವಷ್ಟೇ ಅಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಡಿನ ಮರೆಯಲ್ಲಿ ಹೇಳಿಕೊಳ್ಳುವ ಜಾಗ ಹೋಯಿತು. ನೇರ ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ ಮೊದಲೇ ಇರಲಿಲ್ಲ. ಈ ಎರಡರ ನಡುವಿನ ತೆಗ್ಗಿನಲ್ಲಿ ಇಂದಿನ ಗಂಡಸು ಬಿದ್ದಿದ್ದಾನೆ.

ಹೇಳಿಕೊಳ್ಳದಿರಲು ಇನ್ನೊಂದು ಕಾರಣವುಂಟು. ಪೇಟೆಯಿಂದ ಬಂದು ಉಪದೇಶ ಮಾಡುವವರಿಗೆ ಅದು ತಿಳಿಯದು. ಅದು ಪತ್ತಿನ ಭಯ. ಮಾಸ್ತರ ಮುಳುಗಿದ ಎಂದು ಸುದ್ದಿಯಾದರೆ ಗೊಬ್ಬರದಂಗಡಿಯವನು ಉದ್ರಿ ನಿಲ್ಲಿಸುತ್ತಾನೆ, ಬಡ್ಡಿಯವನು ಬಾಗಿಲಿಗೆ ಬಂದು ಕೂಡುತ್ತಾನೆ, ಮಗಳ ಸಂಬಂಧ ನೋಡಹೊರಟವರು ಹಿಂದೆ ಸರಿಯುತ್ತಾರೆ. ಈ ಭಯ ಸುಳ್ಳಲ್ಲ. ಆದುದರಿಂದ ಕಂಡಕಂಡವರ ಮುಂದೆ ಎದೆ ತೆರೆಯಿರಿ ಎಂದು ನಾನು ಹೇಳುವುದಿಲ್ಲ. ಒಬ್ಬರಿಗೆ ಹೇಳಿರಿ, ಕೊಡಕೊಳ್ಳುವ ಸಂಬಂಧವಿಲ್ಲದ ಒಬ್ಬರಿಗೆ. ಮತ್ತು ಮನೆಯಾಕೆಗೆ ಲೆಕ್ಕ ಗೊತ್ತಿರಲೇಬೇಕು.

ತೇಲ್ಯಾದ ವಿಷಯದಲ್ಲಿಯೂ ನಮ್ಮವರು ಇದನ್ನೇ ಮಾಡುತ್ತಾರೆ. ತೋಟಕ್ಕೆ ರೋಗ ಬಂದಿದೆಯೆಂದು ವ್ಯಾಪಾರಿಗೆ ತಿಳಿದರೆ ಧಾರಣೆ ಇಳಿಯುವುದೆಂದು ಮುಚ್ಚಿಡುತ್ತಾರೆ. ಮೊದಲ ನಾಲ್ಕು ಗಿಡಗಳಲ್ಲಿ ಕಂಡಾಗಲೇ ಹೇಳಿ, ಕಲೆ ಬಿದ್ದ ಕಾಯಿ, ಟೊಂಗೆ ತೆಗೆದು ಸುಟ್ಟು, ಕತ್ತರಿಯನ್ನು ತೊಳೆದು ಬಳಸಿದರೆ ನೆರೆಯವರಾದರೂ ಎಚ್ಚರಾಗುತ್ತಾರೆ. ಮುಚ್ಚಿಟ್ಟದ್ದರಿಂದ ಒಂದು ಮಗ್ಗುಲು ಪೂರ್ತಿ ಹೋಗುತ್ತದೆ. ಈ ಹಣ್ಣಿನ ರೋಗಕ್ಕೆಂದು ಸೋಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವಿದೆ. ಗಿಡ ಹಿಡಿದುಕೊಂಡು ಅಲ್ಲಿಗೆ ಹೋಗಲು ನಮಗೆ ನಾಚಿಕೆಯಿಲ್ಲ. ಹುಣ್ಣಾದ ಮನಸ್ಸು ಹಿಡಿದುಕೊಂಡು ಡಾಕ್ಟರರ ಬಳಿಗೆ ಹೋಗಲು ಮಾತ್ರ ಊರು ಏನನ್ನುತ್ತದೋ ಎಂಬ ಅಂಜಿಕೆ.

ಅಂಕಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿ ಪ್ರಕಟಿಸಿದ 2022ನೆಯ ಇಸವಿಯ ಲೆಕ್ಕದಂತೆ ಆ ಒಂದು ವರ್ಷ ದೇಶದಲ್ಲಿ ತಮ್ಮ ಕೈಯಾರೆ ಜೀವ ಕಳೆದುಕೊಂಡ ರೈತರು 5,207. ಅವರಲ್ಲಿ ಗಂಡಸರು 4,999. ಕೃಷಿ ಕೂಲಿಕಾರರನ್ನೂ ಸೇರಿಸಿದರೆ ಒಟ್ಟು 11,290, ಅದರಲ್ಲಿ 4,248 ನಮ್ಮ ಮಹಾರಾಷ್ಟ್ರ ರಾಜ್ಯದವು, 2,392 ಕರ್ನಾಟಕದವು. ಹೆಂಗಸರ ಹೆಸರಿನಲ್ಲಿ ಸಾತಬಾರಾ ಉತಾರೆ ಇಲ್ಲದ್ದರಿಂದ ದುಡಿಯುವ ಎಷ್ಟೋ ಹೆಂಗಸರು ರೈತರೆಂದು ಎಣಿಕೆಗೇ ಬರುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಎಲ್ಲ ಉದ್ಯೋಗಗಳನ್ನು ಹಿಡಿದರೂ ಆ ವರ್ಷ ಸತ್ತ ಗಂಡಸರು 1,22,724, ಹೆಂಗಸರು 48,172. ಕಷ್ಟ ಗಂಡಸಿಗಷ್ಟೇ ಹೆಚ್ಚೆಂದು ಯಾವ ಮುಖದಿಂದ ಹೇಳೋಣ? ನಮ್ಮ ಮನೆಗಳ ಹೆಂಗಸರು ಪಡುವ ಪಾಡು ನಮಗೆ ಗೊತ್ತಿಲ್ಲವೇ? ಅವರು ಹಿತ್ತಲಲ್ಲಿ, ನೀರಿನ ಟಾಕಿಯ ಹತ್ತಿರ, ತವರಿನಲ್ಲಿ ಹೇಳಿಕೊಳ್ಳುತ್ತಾರೆ. ನಮ್ಮದು ಒಳಗೇ ಕೊಳೆಯುತ್ತದೆ.

ಸಿಂಹಳ ದ್ವೀಪದ, ಅಂದರೆ ಶ್ರೀಲಂಕೆಯ, ಒಂದು ಸಂಗತಿ ನನ್ನನ್ನು ಬಹಳ ವಿಚಾರಕ್ಕೆ ಹಚ್ಚಿದೆ. ಅಲ್ಲಿಯ ಸರಕಾರ 1995ರಿಂದ ಅತಿವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. ಆ ಇಪ್ಪತ್ತು ವರ್ಷಗಳಲ್ಲಿ ಅಲ್ಲಿಯವರ ದುಃಖ ನೂರಕ್ಕೆ ಎಪ್ಪತ್ತು ಇಳಿದಿರಲಾರದು. ಯುದ್ಧ, ಸಮುದ್ರದ ಅಲೆ ಎಲ್ಲವನ್ನೂ ಅವರು ಕಂಡರು. ಇಳಿದದ್ದು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವ ವಿಷ. ಅಂದರೆ ಆ ಗಳಿಗೆ ದಾಟುತ್ತದೆ. ದಾಟುವವರೆಗೆ ಮಗ್ಗುಲಲ್ಲಿ ಒಬ್ಬ ಮನುಷ್ಯ ಕೂತಿದ್ದರೆ ಸಾಕು, ಎಲೆ ಅಡಿಕೆ ಮೆಲ್ಲುತ್ತ ಕೂತ ಕಾಕಾನಂತೆ.

ಇನ್ನು ಸಿಟ್ಟು. ಗಂಡಸು ಅಳಬಾರದು, ಅಂಜಬಾರದು, ಸೋತೆನೆನ್ನಬಾರದು. ಆದರೆ ಸಿಟ್ಟಿಗೇಳಬಹುದು ಎಂದು ನಮ್ಮ ಊರುಗಳು ಅವನಿಗೆ ಒಂದೇ ಬಾಗಿಲು ತೆರೆದಿಟ್ಟಿವೆ. ಆದಕಾರಣ ಎಲ್ಲವೂ ಆ ಬಾಗಿಲಿನಿಂದಲೇ ಹೊರಬರುತ್ತದೆ. ಹೆಂಡತಿಯ ಮೇಲೆ, ಮಗುವಿನ ಮೇಲೆ, ಬಾಯಿಲ್ಲದ ಎತ್ತಿನ ಮೇಲೆ. ಕುಡಿದು ಅಳುವವರೂ ಇದ್ದಾರೆ. ಧಾಬೆಯಲ್ಲಿ ಅತ್ತದ್ದು ಬೆಳಿಗ್ಗೆ ನೆನಪಿರುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ನಾನು ಹೇಳಿಕೊಳ್ಳುವುದೆಂದು ಕರೆಯಲಾರೆ. ಹೇಳಿಕೊಳ್ಳುವವನು ಎಚ್ಚರದಲ್ಲಿ ಹೇಳಬೇಕು, ಮರುದಿನ ಎದ್ದು ಹೊಲಕ್ಕೆ ಹೋಗಬೇಕು. ‘ಅಳುತ್ತ ಕೂತರೆ ಹರಗುವವರು ಯಾರು?’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೇಳಿಕೊಳ್ಳದೆ ಕೂತ ತಿಂಗಳಲ್ಲಿ ನಾನು ಒಂದು ಸಾಲೂ ಹರಗಲಿಲ್ಲ. ಹೇಳಿಕೊಂಡ ವಾರದಲ್ಲಿ ಒಂದೆಕರೆ ತೋಟ ಕಿತ್ತು ಹಸನು ಮಾಡಿದೆ.

ಗಡಿಯಾಚೆಯ ನಮಗೆ ಭಾಷೆಯದೂ ಒಂದು ತೊಡಕು. ಪೇಟೆಗೆ, ಕಚೇರಿಗೆ, ತಲಾಠಿಯ ಹತ್ತಿರಕ್ಕೆ ಬೇಕಾದಷ್ಟು ಮರಾಠಿ ನಮಗೆಲ್ಲ ಬರುತ್ತದೆ. ಅದರ ಬಗ್ಗೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ‘ಎದಿ ಭಾರ ಆಗೈತಿ’ ಎನ್ನುವವನು ಡಾಕ್ಟರರ ಮುಂದೆ ಕೂತು ಅದನ್ನು ಮರಾಠಿಗೆ ತಿರುಗಿಸಹೋದರೆ ಅವರು ಎದೆಗೂಡಿಗೆ ಫೋಟೋ ತೆಗೆಸಿ ಗುಳಿಗೆ ಕೊಟ್ಟು ಕಳಿಸುತ್ತಾರೆ. ಡಾಕ್ಟರರ ತಪ್ಪೂ ಅಲ್ಲ. ನಮ್ಮಲ್ಲಿ ಬಜಾರದ ಮರಾಠಿ ಇದೆ, ಮನಸ್ಸಿನ ಮರಾಠಿ ಇಲ್ಲ. ತೆಲುಗು, ತಮಿಳು, ಮಲೆಯಾಳದ ನಾಡಿನಲ್ಲಿರುವ ನಮ್ಮವರ ಪಾಡೂ ಇದೇ ಇದ್ದೀತು.

ಈ ಕಾರಣದಿಂದ ಒಂದು ಫೋನ್ ನಂಬರನ್ನು ಎಲ್ಲರೂ ಬರೆದಿಟ್ಟುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ: 14416. ‘ಟೆಲಿ ಮಾನಸ್’ ಎಂದು ಅದರ ಹೆಸರು. ಕೇಂದ್ರ ಸರಕಾರ 2022ರ ಅಕ್ಟೋಬರ 10ರಂದು ಆರಂಭಿಸಿದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಆಧಾರ. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಕನ್ನಡವೂ ಉಂಟು. ಊರಲ್ಲಿ ಹೇಳಿದರೆ ಪತ್ತು ಹೋದೀತೆಂದು ಅಂಜುವವನಿಗೆ ಇದು ತಕ್ಕದ್ದು. ಆ ಕಡೆಯವರು ನಮ್ಮ ಗೊಬ್ಬರದಂಗಡಿಯ ಬೀಗರಲ್ಲ. ಇನ್ನೂ ಒಂದು ತಿಳಿದಿರಲಿ. ಜೀವ ಕಳೆದುಕೊಳ್ಳಲು ಹೋಗಿ ಉಳಿದವನ ಮೇಲೆ ಪೋಲೀಸ ಕೇಸು ಬೀಳುವುದೆಂದು ಹೆದರಿ ಎಷ್ಟೋ ಮನೆಯವರು ದವಾಖಾನೆಗೆ ಒಯ್ಯಲು ತಡ ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದೇ ಎಣಿಸಬೇಕು, ಶಿಕ್ಷಿಸಬಾರದು ಎಂದು ಹೇಳಿದೆ. ಅವನಿಗೆ ಉಪಚಾರ ಒದಗಿಸುವುದು ಸರಕಾರದ ಹೊಣೆ ಎಂದೂ ಹೇಳಿದೆ. ತಡ ಮಾಡಬೇಡಿರಿ.

ನನ್ನಂಥ ಮಾಸ್ತರರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗಂಡಸಿನ ಬಾಯಿಗೆ ಬೀಗ ಬೀಳುವುದು ನಲವತ್ತರಲ್ಲಿ ಅಲ್ಲ, ನಾಲ್ಕನೆಯ ಇಯತ್ತೆಯಲ್ಲಿ. ಬೀಗ ಹಾಕುವವರು ನಾವು. ಆ ಹುಡುಗನಿಗೆ ನಾನು ವರ್ಗದ ಮುಂದೆಯೇ, ‘ನಾ ಅವತ್ತ ಅಂದದ್ದು ತಪ್ಪು, ನನಗೂ ಅಳು ಬರತೈತಿ’ ಎಂದು ಹೇಳಿದೆ. ಹುಡುಗರು ನಗಬಹುದೆಂದು ಅಂಜಿದ್ದೆ. ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, ‘ಸರ್, ನಮ್ಮಪ್ಪನೂ ಅಳತಾನ್ರಿ, ದನದ ಮನ್ಯಾಗ’ ಎಂದ. ಅಂದು ಲೆಕ್ಕದ ಪಾಠ ಆಗಲಿಲ್ಲ. ಒಬ್ಬೊಬ್ಬರೂ ಏನೇನೋ ಹೇಳಿದರು. ಅವನ್ನು ಇಲ್ಲಿ ಬರೆಯುವುದು ಸರಿಯಲ್ಲ. ಕಬ್ಬಿನವರ ಮಗ ಮಾತ್ರ ಅಂದೂ ಸುಮ್ಮನೇ ಇದ್ದ. ಮೂರು ದಿನದ ಮೇಲೆ ನೀರು ಕುಡಿಯುವ ನೆಪದಿಂದ ನನ್ನ ಕುರ್ಚಿಯ ಹತ್ತಿರ ಬಂದು, ಅವರವ್ವ ಯಾವಾಗ ಬರುವಳೆಂದು ಕೇಳಿದ.

ನಮ್ಮಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ವಾರಕ್ಕೊಂದು ದಿನ ಹೆಗಲು ಹಗುರ ಮಾಡಿಕೊಟ್ಟ ಹಿರಿಯರು ಮನುಷ್ಯನ ವಿಷಯ ಮರೆತರೋ ಏನೋ. ಈಗ ಕೆಲವು ತಿಂಗಳಿಂದ ಸೋಮವಾರ ಸಂಜೆ ನಾವು ಆರೇಳು ಗಂಡಸರು ಗುಡಿಯ ಕಟ್ಟೆಯ ಮೇಲೆ ಕೂಡುತ್ತೇವೆ. ಮೊಬೈಲನ್ನು ಕಿಸೆಯಲ್ಲಿಡಬೇಕು, ಯಾರಿಗೂ ಬುದ್ಧಿ ಹೇಳಬಾರದು, ಕಟ್ಟೆಯ ಮಾತು ಕಟ್ಟೆಯ ಕೆಳಗೆ ಇಳಿಯಬಾರದು ಎಂಬಷ್ಟೇ ಕಟ್ಟಳೆ. ಮೊದಲ ಎರಡು ವಾರ ಉಳ್ಳಾಗಡ್ಡಿಯ ಧಾರಣೆಯನ್ನು ಬಿಟ್ಟು ಬೇರೆ ಮಾತೇ ಬರಲಿಲ್ಲ. ಮೂರನೆಯ ವಾರ ಒಬ್ಬರು, ಎಲ್ಲರಿಗಿಂತ ಗಟ್ಟಿಗರೆಂದು ಹೆಸರಾದವರು, ನೆಲ ನೋಡುತ್ತ, ‘ನನಗ ಒಂದ ತಿಂಗಳಾತು ನಿದ್ದಿ ಇಲ್ಲ’ ಎಂದರು. ಯಾರೂ ಮಾತಾಡಲಿಲ್ಲ. ಕಾಕಾ ಎಲೆಯ ಚಂಚಿಯನ್ನು ಅವರ ಕಡೆಗೆ ಸರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮಾತು ಮತ್ತೆ ಉಳ್ಳಾಗಡ್ಡಿಗೆ ಹೋಯಿತು. ಕತ್ತಲಾದಮೇಲೆ ಅವರು ಮನೆಗೆ ಹೋಗುವಾಗ ಕಾಕಾ ಅವರ ಜೊತೆಗೆ ನಡೆದು ಹೋದರು; ಕಾಕಾನ ಮನೆ ಇರುವುದು ಊರಿನ ಇನ್ನೊಂದು ತುದಿಗೆ.